ಇನ್‌ಚಾರ್ಜ್ ಸಿಸ್ಟರ್ ಫೇಲ್ ಮಾಡಿದ ಟ್ರೇಡ್

ಒದ್ದೆ ರಬ್ಬರಿನ ವಾಸನೆ, ಅದಕ್ಕೆ ಬೆವರಿದ ಕೈಗವಸಿನ ವಾಸನೆಯೂ ಸ್ವಲ್ಪ ಸೇರಿಕೊಂಡದ್ದು. ಕಳೆದ ಶನಿವಾರ ಅಬುಧಾಬಿಯ ಐಸ್ ರಿಂಕಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟ ಕೂಡಲೇ ಅದು ಮೂಗಿಗೆ ಹತ್ತಿತು. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಬಿಸಿಲು. ಒಳಗೆ ನಾನು ಶಾಲು ಹೊದ್ದುಕೊಂಡು ಮಗಳ ಸ್ಕೇಟಿಂಗ್ ಬೂಟಿನ ಲೇಸು ಕಟ್ಟುತ್ತಿದ್ದೆ. ಅವಳಿಗೆ ಈಗ ಐಸ್ ಹಾಕಿಯ ಹುಚ್ಚು. "ಬಿಗಿ ಆಯ್ತಾ?" ಎಂದು ಕೇಳಿದರೆ "ಇಟ್ಸ್ ಫೈನ್ ಅಮ್ಮಾ, ಲೆಟ್ ಗೋ" ಎಂದು ಕಾಲು ಎಳೆದುಕೊಂಡು ಹೋದಳು.

ಅವಳು ಐಸಿಗಿಳಿದ ಮೇಲೆ ನಾನು ಸುಮ್ಮನೆ ಬೆಂಚಿನ ಮೇಲೆ ಕೂರಬಹುದಿತ್ತು. ಆಗಲಿಲ್ಲ. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗುವುದೆಂದು ತಿಳಿಯುತ್ತಿರಲಿಲ್ಲ. ಶುಕ್ರವಾರ ಮಧ್ಯಾಹ್ನ ನರ್ಸಿಂಗ್ ಆಫೀಸಿನಿಂದ ಒಂದು ಮೆಸೇಜು ಬಂದಿತ್ತು. ರುವೈಸ್ ಶಾಖೆಗೆ ನಿಮ್ಮ ವಾರ್ಡಿನಿಂದ ಒಬ್ಬರು ಬೇಕು, ಬದಲಿಗೆ ಅಲ್ಲಿಂದ ಒಬ್ಬರನ್ನು ಕಳಿಸುತ್ತೇವೆ, ಸೋಮವಾರದೊಳಗೆ ಹೆಸರು ಕೊಡಿ. ಅಷ್ಟೇ. ನಾನು ಈಗ ಅಲ್ ರೀಮ್ ಐಲ್ಯಾಂಡಿನ ಶಾಖೆಯಲ್ಲಿ ಒಂದು ವಾರ್ಡಿನ ಇನ್‌ಚಾರ್ಜ್. ಹೆಸರು ಕೊಡುವ ಕುರ್ಚಿ ನನ್ನದು. ರುವೈಸ್ ಎಂದರೆ ಎಣ್ಣೆ ಸಂಸ್ಕರಿಸುವ ಊರು, ಅಬುಧಾಬಿಯಿಂದ ಮರುಭೂಮಿಯ ದಾರಿಯಲ್ಲಿ ಪಶ್ಚಿಮಕ್ಕೆ ಹೋಗುತ್ತಲೇ ಇರಬೇಕು. ಇಲ್ಲಿ ಗಂಡ, ಮಕ್ಕಳು, ಗೆಳತಿಯರು ಎಂದು ಬೇರು ಬಿಟ್ಟವರು ಯಾರೂ ಅಲ್ಲಿಗೆ ಕುಣಿದುಕೊಂಡು ಹೋಗುವುದಿಲ್ಲ.

ನಿಜ ಹೇಳಬೇಕೆಂದರೆ ಮೆಸೇಜು ಓದಿದ ಕೂಡಲೇ ಒಂದು ಹೆಸರು ತಾನಾಗಿ ಮನಸ್ಸಿಗೆ ಬಂದಿತ್ತು. ಟೈಪು ಮಾಡಲು ಬೆರಳೂ ಹೋಗಿತ್ತು. ಯಾಕೋ ನಿಲ್ಲಿಸಿದೆ. ಆ 'ಯಾಕೋ' ಏನೆಂದು ತಿಳಿಯದೆ ಒಂದು ದಿನವಿಡೀ ಚಡಪಡಿಸಿದೆ. ರಿಂಕಿನ ಆ ವಾಸನೆ ಮೂಗಿಗೆ ಹತ್ತಿದಾಗ ತಿಳಿಯಿತು.

ಅಬುಧಾಬಿಯ ಖಲೀಫಾ ಸಿಟಿ ಶಾಖೆಯಲ್ಲಿದ್ದ ನಮ್ಮ ಹಳೆಯ ವಾರ್ಡಿನ ಕೌಂಟರಿನ ಮೇಲೆ ಒಂದು ಕಪ್ಪು ರಬ್ಬರಿನ ಬಿಲ್ಲೆ ಇರುತ್ತಿತ್ತು. ಅಂಗೈಯಗಲ, ಎತ್ತಿದರೆ ಭಾರ. ಎ.ಸಿ. ಗಾಳಿಗೆ ಹಾಳೆಗಳು ಹಾರದಂತೆ ಅದನ್ನು ಮೇಲಿಡುತ್ತಿದ್ದರು. ಯಾವುದೋ ಮೆಷಿನಿನಿಂದ ಕಳಚಿದ ಭಾಗ ಎಂದು ನಾನು ಬಹಳ ದಿನ ತಿಳಿದಿದ್ದೆ. ಅದು ಐಸ್ ಹಾಕಿಯ ಪಕ್, ಆ ಆಟದಲ್ಲಿ ಚೆಂಡಿನ ಬದಲಿಗೆ ಹೊಡೆಯುವಂಥದ್ದು. ಅದರ ಒಡತಿ ನಮ್ಮ ಇನ್‌ಚಾರ್ಜ್ ಸಿಸ್ಟರ್.

ಅವರು ಕಿನ್ನಿಗೋಳಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಗಿಡ್ಡ ಆಳು, ಯಾವಾಗಲೂ ನೀಲಿ ಕಾರ್ಡಿಗನ್, ಸದ್ದಾಗದ ಬಿಳಿ ಶೂ. ಹಿಂದೆ ಬಂದು ನಿಂತರೂ ಗೊತ್ತಾಗುತ್ತಿರಲಿಲ್ಲ. ಗಂಡ ಹಡಗಿನಲ್ಲಿದ್ದರು, ವರ್ಷಕ್ಕೆ ಒಂದಷ್ಟು ತಿಂಗಳು ಮಾತ್ರ ನೆಲದ ಮೇಲೆ. ಡ್ಯೂಟಿಯಲ್ಲಿ ನಾನು ಅವರನ್ನು ಸಿಸ್ಟರ್ ಎನ್ನುತ್ತಿದ್ದೆ. ಡ್ಯೂಟಿ ಮುಗಿದರೆ ಬಾಯಮ್ಮ. ನಮ್ಮೂರಿನಲ್ಲಿ ನೆರೆಮನೆಯ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆಯೇ ಕರೆದು ಅಭ್ಯಾಸ. ಮೊದಲ ಸಲ ಕರೆದಾಗ ಅವರು ನಕ್ಕು, "ಇಲ್ಲಿ ಬಂದ ಮೇಲೆ ಯಾರೂ ಹಾಗೆ ಕರೀಲೇ ಇಲ್ಲ ನೋಡು" ಎಂದಿದ್ದರು.

ನಮ್ಮದು ಮೂಳೆ ಮುರಿದವರು, ಪಾರ್ಶ್ವವಾಯು ಬಡಿದವರು ಮತ್ತೆ ನಡೆಯಲು ಕಲಿಯುವ ವಾರ್ಡು. ನಾನು ಸೇರುವುದಕ್ಕಿಂತ ಮೊದಲು ಅಲ್ಲಿ ಕೆನಡಾದ ಒಬ್ಬ ಮುದುಕ ಸೊಂಟ ಮುರಿದುಕೊಂಡು ಬಹಳ ದಿನ ಮಲಗಿದ್ದನಂತೆ. ಇಲ್ಲಿಯ ಮಕ್ಕಳಿಗೆ ಐಸ್ ಹಾಕಿ ಕಲಿಸುತ್ತಿದ್ದವನು. ಬೆಳಿಗ್ಗೆ ಮಾತ್ರೆ ಕೊಡಲು ಹೋದರೆ ಫೋನಿನಲ್ಲಿ ಆಟ ನೋಡುತ್ತಾ ಇರುತ್ತಿದ್ದ. ಯಾರಾದರೂ ಕೇಳಿಸಿಕೊಂಡರೆ ಸಾಕು, ಮಾತು ನಿಲ್ಲುತ್ತಿರಲಿಲ್ಲ. ಬಾಯಮ್ಮ ಕೇಳಿಸಿಕೊಂಡರು. ಹೋಗುವಾಗ ಅವನು ಪಕ್ ಅವರ ಕೈಯಲ್ಲಿಟ್ಟು ಹೋದ. ಬಿಲ್ಲೆಯ ಜೊತೆ ಹುಚ್ಚೂ ಬಂತು.

ಆದರೆ ಅವರದ್ದು ವಿಚಿತ್ರ ಹುಚ್ಚು. ಆಟ ನೋಡುತ್ತಿರಲಿಲ್ಲ. ಪೇಪರಿನಲ್ಲಿ ಮರಣವಾರ್ತೆ ಮಾತ್ರ ಓದುವವರು ಇರುತ್ತಾರಲ್ಲ, ಹಾಗೆ ಇವರು ಟ್ರೇಡಿನ ಸುದ್ದಿ ಮಾತ್ರ ಓದುತ್ತಿದ್ದರು. ಕೆನಡಾ, ಅಮೆರಿಕದ ತಂಡಗಳು ವರ್ಷದ ನಡುವೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುತ್ತವೆ. ನಿಮ್ಮ ಗೋಲು ಕಾಯುವವನನ್ನು ನಮಗೆ ಕೊಡಿ, ನಮ್ಮ ಇಬ್ಬರು ಹುಡುಗರನ್ನು ತೆಗೆದುಕೊಳ್ಳಿ, ಮುಂದಿನ ವರ್ಷ ಹೊಸ ಹುಡುಗರನ್ನು ಆರಿಸುವಾಗ ನಮ್ಮ ಸರದಿಯೂ ನಿಮಗೇ ಇರಲಿ... ಹೀಗೆ. ಆಟಗಾರನ ಒಪ್ಪಿಗೆ ಹೆಚ್ಚಿನ ಸಲ ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಒಂದು ಊರಿನವನು, ಸಂಜೆ ಇನ್ನೊಂದು ಊರಿನ ಅಂಗಿ ಹಾಕಿಕೊಂಡು ನಿಲ್ಲುತ್ತಾನೆ. ಆ ಕೊಡುಕೊಳ್ಳುವಿಕೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ತೀರ್ಮಾನ ಮಾಡುವುದೇ ಬಾಯಮ್ಮನ ಚಹಾದ ಹೊತ್ತಿನ ಕೆಲಸ. ಜೊತೆಗೆ ಸುರತ್ಕಲ್ಲಿನ ಒಬ್ಬ ಫಿಸಿಯೋಥೆರಪಿಸ್ಟ್ ಇದ್ದ. ಅವನನ್ನೂ ಎಳೆದು ಪಳಗಿಸಿಕೊಂಡಿದ್ದರು.

ಇದೊಂದೂ ಗೊತ್ತಿಲ್ಲದೆ ನಾನು ಮೊದಲ ವಾರವೇ ನಗೆಪಾಟಲಾದೆ. ಗಲ್ಫಿಗೆ ಬಂದ ನಮ್ಮವರಿಗೆ ಟ್ರೇಡ್ ಎಂದರೆ ಒಂದೇ ಅರ್ಥ, ವೀಸಾದಲ್ಲಿ ಬರೆದ ಕೆಲಸದ ಹೆಸರು. "ನಿಂದು ಯಾವ ಟ್ರೇಡು?" ಎಂದು ಏಜೆಂಟ್ ಕೇಳಿದರೆ ಎಲೆಕ್ಟ್ರಿಷಿಯನ್, ಮೇಸನ್, ಹೆಲ್ಪರ್ ಎಂದು ಉತ್ತರ. ಆಗ ನನ್ನ ಗಂಡ ನನ್ನ ವೀಸಾದ ಮೇಲೆ ಬಂದು ಕೆಲಸ ಹುಡುಕುತ್ತಿದ್ದರು. ಡಿಪ್ಲೊಮಾ ಮಾಡಿದವರು. ಮುಸಫಾದ ಒಂದು ಕಂಪನಿ ಹೆಲ್ಪರ್ ಟ್ರೇಡಿನ ವೀಸಾ ಕೊಡುತ್ತೇನೆಂದಾಗ ಬೇಡವೆಂದು ಹಟ ಹಿಡಿದವಳು ನಾನು. ಅದಾಗಿ ಕೆಲವು ದಿನಗಳಷ್ಟೇ ಕಳೆದಿದ್ದವು. ಚಹಾದ ಕೋಣೆಗೆ ಹೋಗುತ್ತೇನೆ, ಇನ್‌ಚಾರ್ಜ್ ಸಿಸ್ಟರ್ ಫಿಸಿಯೋ ಹುಡುಗನಿಗೆ ಹೇಳುತ್ತಿದ್ದಾರೆ:

"ಆ ಟ್ರೇಡ್ ಬೇಡ ಹೇಳಿದ್ದೇ ತಪ್ಪು. ಬಂದದ್ದನ್ನು ತೆಗೊಳ್ಬೇಕಿತ್ತು. ಈಗ ನೋಡು, ಮನೆಯಲ್ಲಿ ಕೂತ್ಕೊಂಡಿದ್ದಾನೆ."

ನನಗೆ ತಲೆ ಧಿಂ ಎಂದಿತು. ಬಾಯಿಗೆ ಬೀಗ ಎಂಬುದು ನನಗೆ ಹುಟ್ಟಿನಿಂದಲೇ ಇಲ್ಲ. "ಸಿಸ್ಟರ್, ಬೇಡ ಹೇಳಿದ್ದು ಅವರಲ್ಲ, ನಾನು" ಎಂದು ಶುರು ಮಾಡಿದೆ. "ಡಿಪ್ಲೊಮಾ ಮಾಡಿದವರು ಹೆಲ್ಪರ್ ಅಂತ ಹಾಕಿಸಿಕೊಂಡ್ರೆ ಮತ್ತೆ ಮೇಲೆ ಬರ್ಲಿಕ್ಕುಂಟಾ? ಅವರು ಮನೆಯಲ್ಲಿ ಸುಮ್ಮನೆ ಕೂತದ್ದಲ್ಲ, ದಿನಾ ಹುಡುಕ್ತಾ ಇದ್ದಾರೆ. ನನ್ನ ಒಂದು ವೀಸಾದಲ್ಲಿ ನಾವಿಬ್ರೂ ನೇತಾಡ್ತಾ ಇದ್ದೇವೆ. ನನ್ನ ಕೆಲ್ಸ ಹೋದ್ರೆ ಇಬ್ರೂ ಖಲಾಸ್. ಅದು ನನಗೆ ಗೊತ್ತಿಲ್ವಾ?" ಹೇಳಿ ಮುಗಿಸುವಾಗ ಕಣ್ಣಲ್ಲಿ ನೀರೂ ಬಂದಿತ್ತು.

ಫಿಸಿಯೋ ಹುಡುಗ ನಕ್ಕು ನಕ್ಕು ಚಹಾ ಅಂಗಿಗೆ ಚೆಲ್ಲಿಕೊಂಡ. ಬಾಯಮ್ಮ ನಗಲಿಲ್ಲ. ಕುರ್ಚಿ ಎಳೆದು ಕೊಟ್ಟು, "ಕೂತ್ಕೊ ಮಾರಾಯ್ತಿ. ಇದು ನಿನ್ನ ಗಂಡನ ಸುದ್ದಿ ಅಲ್ಲ, ಕೆನಡಾದ ಒಬ್ಬ ಹುಡುಗನದ್ದು" ಎಂದರು. ಟ್ರೇಡ್ ಬೇಡ ಎನ್ನುವ ಹಕ್ಕು ಕೆಲವೇ ಆಟಗಾರರಿಗೆ ಇರುತ್ತದಂತೆ. ಅವನಿಗಿತ್ತು, ಬೇಡ ಎಂದ. ತಂಡದವರು ಅವನನ್ನು ಆಡಿಸದೆ ಮನೆಯಲ್ಲಿ ಕೂರಿಸಿದ್ದರು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಆಮೇಲೆ ಪ್ರತಿ ಟ್ರೇಡಿಗೂ ಫಿಸಿಯೋ ನನ್ನನ್ನು ಕೆಣಕುತ್ತಿದ್ದ: "ಇದು ಹೆಲ್ಪರ್ ಟ್ರೇಡಾ, ಡಿಪ್ಲೊಮಾ ಟ್ರೇಡಾ ನೋಡಿ ಹೇಳಿ ಅಕ್ಕ."

ಹಾಗೆ ನಾನೂ ಆ ಮೇಜಿಗೆ ಸೇರಿದೆ. ಬಾಯಮ್ಮ ಸುದ್ದಿ ಓದುವುದು, ಫಿಸಿಯೋ ಆತುರದ ತೀರ್ಪು ಕೊಡುವುದು, ನಾನು ನಡುವೆ ಬಾಯಿ ಹಾಕುವುದು. ಕೊನೆಯ ಮಾತು ಮಾತ್ರ ಬಾಯಮ್ಮನದು. ಪಾಸ್, ಇಲ್ಲವೇ ಫೇಲ್. ಹೆಚ್ಚಿನ ಸಲ ಎರಡೂ ಅಲ್ಲ. ಪಕ್ಕನ್ನು ಕೌಂಟರಿಗೆ ಟಕ್ಕೆಂದು ಬಡಿದು, ನಮ್ಮ ಕಾಲದ ಹೈಸ್ಕೂಲು ಬೋರ್ಡಿನಲ್ಲಿ ಬರೆಯುತ್ತಿದ್ದ ಹಾಗೆ, "ಫಲಿತಾಂಶ ತಡೆಹಿಡಿಯಲಾಗಿದೆ" ಎನ್ನುತ್ತಿದ್ದರು. ಆ ಒಂದು ವಾಕ್ಯ ಮಾತ್ರ ಅಚ್ಚುಕಟ್ಟು ಪುಸ್ತಕದ ಕನ್ನಡ. ಎರಡು ಮೂರು ವರ್ಷ ಕಳೆಯದೆ ಟ್ರೇಡಿನ ಬಗ್ಗೆ ತೀರ್ಪು ಕೊಡುವವರು ಕುಕ್ಕರು ಕೂಗುವ ಮೊದಲೇ ಬಟ್ಟಲು ಹಿಡಿದು ಕೂತವರು ಎಂದು ಅವರ ಅಭಿಪ್ರಾಯ.

ಅವರು ಕೇಳುವ ಪ್ರಶ್ನೆಗಳೂ ಹಾಗೆಯೇ. ಒಬ್ಬ ಆಟಗಾರನ ಮನೆಯಲ್ಲಿ ದೊಡ್ಡ ಮೀನಿನ ತೊಟ್ಟಿ ಇತ್ತೆಂದು ಎಲ್ಲೋ ಓದಿದ್ದರು. ಅವನನ್ನು ದೇಶದ ಇನ್ನೊಂದು ಮೂಲೆಗೆ ಕೊಟ್ಟುಬಿಟ್ಟರು. ಫಿಸಿಯೋ ಅವನು ಹೊಡೆದ ಗೋಲುಗಳ ಲೆಕ್ಕ ಹೇಳುತ್ತಿದ್ದರೆ ಬಾಯಮ್ಮನಿಗೆ ಒಂದೇ ಚಿಂತೆ, ಆ ಮೀನುಗಳನ್ನು ಯಾರು ಸಾಗಿಸಿದರು? ನಾಲ್ಕು ದಿನ ಫೋನಿನಲ್ಲಿ ಹುಡುಕಿದರು. ಸಿಗಲಿಲ್ಲ.

ಇನ್ನೊಂದು ನೆನಪಿದೆ. ಒಂದು ತಂಡ ತನ್ನ ದೊಡ್ಡ ಆಟಗಾರನನ್ನು ಕೊಟ್ಟು ಮೂವರು ಸಾಧಾರಣ ಹುಡುಗರನ್ನು ತೆಗೆದುಕೊಂಡಿತ್ತು. ಕೊಟ್ಟವರು ಮಂಕುದಿಣ್ಣೆಗಳು ಎಂದು ಎಲ್ಲರೂ ಬರೆದರು. ಮುಂದಿನ ವರ್ಷ ದೊಡ್ಡವನ ಮೊಣಕಾಲು ಕೈಕೊಟ್ಟಿತು, ಹುಡುಗರು ಮೂವರೂ ಚೆನ್ನಾಗಿ ಆಡಿದರು. ಬರೆದವರೆಲ್ಲ ಈಗ ರಾಗ ಬದಲಿಸಿ, ಎಂಥ ಜಾಣರು ಎಂದರು. "ಪಾಸ್ ಅಲ್ವಾ ಸಿಸ್ಟರ್?" ಎಂದು ಫಿಸಿಯೋ ಕೇಳಿದ.

"ಒಬ್ಬನ ಮೊಣಕಾಲು ಮುರಿದದ್ದಕ್ಕೆ ಇನ್ನೊಬ್ಬನಿಗೆ ಪಾಸ್ ಕೊಡ್ಲಿಕ್ಕೆ ಆಗ್ತದಾ? ಕೊಟ್ಟ ದಿನ ಯಾರಿಗೆ ಎಂತ ಗೊತ್ತಿತ್ತು, ಅದನ್ನು ನೋಡ್ಬೇಕು. ಗೊತ್ತಿಲ್ಲದೆ ಕೊಟ್ಟದ್ದಾದ್ರೆ ಅದು ನಸೀಬು. ಮೊಣಕಾಲು ಹಾಳಾಗಿದೆ ಅಂತ ಗೊತ್ತಿದ್ದು, ಮುಚ್ಚಿಟ್ಟು ಕೊಟ್ಟದ್ದಾದ್ರೆ ಫೇಲ್. ಕಪ್ ಗೆದ್ದು ಬಂದ್ರೂ ಫೇಲ್."

ನಾನು ಆಗ ಬಿಸ್ಕತ್ತು ತಿನ್ನುತ್ತಿದ್ದೆ. ಈ ಮಾತು ಇಷ್ಟು ವರ್ಷ ನನ್ನೊಳಗೆ ಉಳಿಯುತ್ತದೆಂದು ಯಾರು ಎಣಿಸಿದ್ದರು...

ಮುಂದಿನ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಡ್ಯೂಟಿ ಚಾರ್ಟಿನಲ್ಲಿ ನನ್ನ ಹೆಸರು ಕಾಣಲಿಲ್ಲ. ತಪ್ಪಿ ಬಿಟ್ಟಿರಬೇಕು ಎಂದು ಹುಡುಕಿದರೆ ಕೆಳಗೆ ಬೇರೆ ಸಾಲಿನಲ್ಲಿತ್ತು: ಮುಂದಿನ ವಾರದಿಂದ ರುವೈಸ್. ನನ್ನ ಜಾಗದಲ್ಲಿ ರುವೈಸಿನಿಂದ ಬರುವ ಒಬ್ಬ ನರ್ಸಿನ ಹೆಸರು. ಎರಡು ಹೆಸರುಗಳ ನಡುವೆ ಒಂದು ಗೆರೆ.

ಬಾಯಮ್ಮ ಕೌಂಟರಿನಲ್ಲೇ ಇದ್ದರು. "ಸಿಸ್ಟರ್, ಇದೆಂತ ಇದು? ನನ್ನ ಹೆಸರು ಯಾರು ಕೊಟ್ಟದ್ದು?"

"ನಾನೇ."

"ಯಾಕೆ? ನಾನೆಂತ ಮಾಡಿದ್ದೇನೆ?"

ಅವರು ಪಕ್ಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಇದ್ದರು. ಮುಖ ನೋಡಲಿಲ್ಲ. "ಎಂತ ಮಾಡಿದ್ದೂ ಅಲ್ಲ. ಹೋಗು. ಅಲ್ಲಿ ಕಲಿಲಿಕ್ಕುಂಟು" ಎಂದರು. ಅಷ್ಟರಲ್ಲಿ ಯಾವುದೋ ಬೆಡ್ಡಿನ ಬೆಲ್ಲಾಯಿತು, ಎದ್ದು ಹೋದರು.

ನನಗೆ ಬಂದ ಸಿಟ್ಟು ಸಣ್ಣದಲ್ಲ. ಸಂಸಾರ ಹೂಡಿ ವರ್ಷ ಕಳೆದದ್ದಷ್ಟೇ. ಗಂಡನಿಗೆ ಇನ್ನೂ ಕೆಲಸವಿಲ್ಲ. ಅವರು ಇಂಟರ್‌ವ್ಯೂ ಎಂದು ಅಬುಧಾಬಿಯಲ್ಲೇ ಇರಬೇಕು, ನಾನು ಅಲ್ಲಿ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ. ದಿನಾ ಚಹಾ ಕುಡಿಸಿ, ಕ್ರಿಸ್ಮಸ್ಸಿಗೆ ಮನೆಗೆ ಕರೆದು ಕುಸ್ವಾರಿನ ಸಿಹಿತಿಂಡಿ ಡಬ್ಬಿ ತುಂಬಿಸಿ ಕೊಟ್ಟ ಹೆಂಗಸು, ಒಂದು ಮಾತೂ ಕೇಳದೆ ನನ್ನನ್ನು ಐಸ್ ಹಾಕಿ ಆಟಗಾರನ ಹಾಗೆ ದಾಟಿಸಿಬಿಟ್ಟರಲ್ಲ. ಟ್ರೇಡಿನ ಮಾತಾಡಿ ಆಡಿ ಅಭ್ಯಾಸವಾಗಿದೆ ಇವರಿಗೆ, ಮನುಷ್ಯರೂ ಬಿಲ್ಲೆಗಳ ಹಾಗೆ ಕಾಣುತ್ತಾರೆ ಎಂದು ಗಂಡನ ಹತ್ತಿರ ಕೂಗಾಡಿದೆ.

ಹೊರಡುವ ದಿನ ಅವರು ನಮ್ಮ ಮನೆಯ ಬಾಗಿಲಿಗೆ ಬಂದರು. ನಾವು ಒಂದು ವಿಲ್ಲಾದ ಹಿಂಬದಿಯ ಒಂದೇ ಕೋಣೆಯಲ್ಲಿದ್ದೆವು. ಬಾಲ್ಕನಿ ಎನ್ನಬಹುದಾದ ಮೂಲೆಯಲ್ಲಿ ನಾನು ಕರಿಬೇವಿನ ಗಿಡವೊಂದನ್ನು ಬಕೆಟಿನಲ್ಲಿ ಬೆಳೆಸಿದ್ದೆ. ಊರಿನಿಂದ ಬೀಜ ತಂದು ಹುಟ್ಟಿಸಿದ್ದು, ಇನ್ನೂ ಮೊಣಕಾಲೆತ್ತರ. ಬಾಯಮ್ಮ ಒಳಗೆ ಬರಲಿಲ್ಲ. ಸೂಟ್‌ಕೇಸುಗಳನ್ನು ನೋಡಿದರು. ಆಮೇಲೆ ಕೇಳಿದರು:

"ಗಿಡವನ್ನು ಯಾರು ಸಾಗಿಸ್ತಾರೆ?"

"ಸಾಯಲಿ ಅದು" ಎಂದೆ.

ಅವರು ಬಕೆಟನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಮೆಟ್ಟಿಲಿಳಿದು ಹೋದರು. ಎಲೆಗಳು ಅವರ ಮುಖಕ್ಕೆ ತಾಗುತ್ತಿದ್ದವು.

ರುವೈಸಿನಲ್ಲಿ ಮೊದಲ ವಾರಗಳು ಹೇಗೆ ಕಳೆದವೋ. ಒಂದು ಕಡೆ ಸಮುದ್ರ, ಒಂದು ಕಡೆ ಸ್ಥಾವರದ ಚಿಮಣಿಯ ತುದಿಯಲ್ಲಿ ಸದಾ ಉರಿಯುವ ಬೆಂಕಿ, ನಡುವೆ ಕಂಪನಿಯ ಮನೆಗಳು. ಎಲ್ಲಿ ನೋಡಿದರೂ ಎಂಜಿನಿಯರುಗಳು, ಟೆಕ್ನಿಷಿಯನ್ನರು. ಕೆಲಸವೋ, ಉಸಿರಾಡಲು ಬಿಡುತ್ತಿರಲಿಲ್ಲ. ಹಳೆಯ ವಾರ್ಡಿನಲ್ಲಿ ನಾನು ಗಾಲಿಕುರ್ಚಿ ತಳ್ಳುವುದು, ಚಾರ್ಟು ತುಂಬುವುದು, ಹಿರಿಯರ ಹಿಂದೆ ನಿಲ್ಲುವುದು. ಇಲ್ಲಿ ಎಮರ್ಜೆನ್ಸಿಯಲ್ಲಿ ನಿಂತರೆ ಹಿಂದೆ ಯಾರೂ ಇಲ್ಲ. ಸುಟ್ಟ ಕೈ, ಎದೆನೋವು, ಎತ್ತರದಿಂದ ಬಿದ್ದವರು. ಮೊದಮೊದಲು ಹೆದರಿದೆ, ಆಮೇಲೆ ಹೆದರಲು ಪುರುಸೊತ್ತಿರಲಿಲ್ಲ. ಬೆಂಚಿನಲ್ಲಿ ಕೂತಿದ್ದವನನ್ನು ಇನ್ನೊಂದು ತಂಡ ಆಡಿಸಿದರೆ ಅವನು ಎರಡರಷ್ಟಾಗುತ್ತಾನೆ ಎಂದು ಬಾಯಮ್ಮ ಹೇಳುತ್ತಿದ್ದುದು ನೆನಪಾಗುತ್ತಿತ್ತು. ನೆನಪಾದರೂ ಸಿಟ್ಟು ಇಳಿಯುತ್ತಿರಲಿಲ್ಲ. ನಾನು ಫೋನು ಮಾಡಲಿಲ್ಲ, ಅವರೂ ಮಾಡಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಒಂದು ದಿನ ಅಬುಧಾಬಿಯಿಂದ ಬಂದ ಆಂಬುಲೆನ್ಸಿನ ಪಠಾಣ್ ಡ್ರೈವರ್ ನನ್ನನ್ನು ಹುಡುಕಿಕೊಂಡು ಬಂದ. ಕೈಯಲ್ಲಿ ಒಂದು ಕುಂಡ. ಕರಿಬೇವು ನನ್ನ ಸೊಂಟದೆತ್ತರ ಬೆಳೆದಿತ್ತು. ಬಕೆಟು ಹೋಗಿ ಸರಿಯಾದ ಮಣ್ಣಿನ ಕುಂಡ ಬಂದಿತ್ತು. "ಬಡಾ ಸಿಸ್ಟರ್ ನೇ ದಿಯಾ" ಎಂದ. "ವೋ ಗಯಾ. ಪೂರಾ ವಾರ್ಡ್ ಖಲಾಸ್."

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆಡಳಿತ ಬದಲಾಗಿ ಆ ವಾರ್ಡನ್ನು ಮುಚ್ಚಿದ್ದರು. ಅದರಲ್ಲಿದ್ದ ನರ್ಸುಗಳೆಲ್ಲರ ಕಾಂಟ್ರಾಕ್ಟ್ ಮುಗಿಸಿ ಮನೆಗೆ ಕಳಿಸಿದ್ದರು. ಬಾಯಮ್ಮನನ್ನೂ. ನನ್ನ ಬದಲಿಗೆ ರುವೈಸಿನಿಂದ ಹೋಗಿದ್ದ ಆ ಹುಡುಗಿಯನ್ನೂ. ನಾನು ಮಾತ್ರ ರುವೈಸಿನ ಪಟ್ಟಿಯಲ್ಲಿದ್ದೆ, ಉಳಿದಿದ್ದೆ. ನನ್ನ ವೀಸಾ ಉಳಿದಿತ್ತು, ಅದಕ್ಕೆ ನೇತುಕೊಂಡಿದ್ದ ಗಂಡನದೂ.

ಕುಂಡ ಅಲ್ಲೇ ಬಿಟ್ಟು ಅವರ ಊರಿನ ನಂಬರಿಗೆ ಫೋನು ಹಚ್ಚಿದೆ. "ಬಾಯಮ್ಮ, ನಿಮಗೆ ಮೊದಲೇ ಗೊತ್ತಿತ್ತಾ?"

"ಗಿಡ ಬಂತಾ?"

"ಬಂತು. ನಿಮಗೆ ಗೊತ್ತಿತ್ತಾ ಇಲ್ವಾ, ಅದನ್ನು ಹೇಳಿ."

"ಟ್ರೇಡಿನ ಸುದ್ದಿ ಇಷ್ಟು ಬೇಗ ಕೇಳ್ಬಾರ್ದು ಮಾರಾಯ್ತಿ" ಎಂದರು. ನಾನು ಎಷ್ಟು ಗೋಗರೆದರೂ ಆ ದಿನ ಅವರ ಬಾಯಿಂದ ಇನ್ನೊಂದು ಶಬ್ದ ಹೊರಡಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ನನ್ನ ಮಟ್ಟಿಗೆ ತೀರ್ಪು ಆಗಿ ಹೋಗಿತ್ತು. ಇಂಥ ಟ್ರೇಡ್ ಪಾಸಾಗದಿದ್ದರೆ ಇನ್ನು ಯಾವುದು? ಆ ವರ್ಷವೇ ಗಂಡನಿಗೆ ರುವೈಸಿನಲ್ಲಿ ಡಿಪ್ಲೊಮಾದ ಟ್ರೇಡಿನಲ್ಲೇ ಕೆಲಸ ಸಿಕ್ಕಿತು. ಮಗಳೂ ಅಲ್ಲೇ ಹುಟ್ಟಿದಳು. ಪ್ರತಿ ಕ್ರಿಸ್ಮಸ್ಸಿಗೆ ಫೋನು ಮಾಡಿ "ಬಾಯಮ್ಮ, ರಿಸಲ್ಟ್ ಬಂತಾ?" ಎಂದು ಕೇಳುವುದು ನನ್ನ ರೂಢಿಯಾಯಿತು. ಅವರು ನಕ್ಕು, "ತಡೆಹಿಡಿಯಲಾಗಿದೆ" ಎನ್ನುತ್ತಿದ್ದರು. ಪಕ್ ಈಗ ಅಡುಗೆಮನೆಯ ಕಿಟಕಿಗೆ ಅಡ್ಡ ಕೊಟ್ಟಿದೆ, ಗಾಳಿಗೆ ಬಡಿಯುತ್ತದೆ ನೋಡು ಎಂದು ಮಾತು ತಿರುಗಿಸುತ್ತಿದ್ದರು.

ನಾನು ಮತ್ತೆ ಅಬುಧಾಬಿಗೆ ಬಂದ ವರ್ಷ, ಕೇಳಿದಾಗ ಅವರು ನಗಲಿಲ್ಲ.

"ಬಂತು" ಎಂದರು. "ಫೇಲ್."

ನಾನು ತಮಾಷೆ ಎಂದುಕೊಂಡೆ. ಅವರು ಮೆಲ್ಲಗೆ ಹೇಳುತ್ತಾ ಹೋದರು. ವಾರ್ಡು ಮುಚ್ಚುವ ಸುದ್ದಿಯನ್ನು ಆಫೀಸಿನವರು ಅವರೊಬ್ಬರನ್ನೇ ಕರೆದು ಹೇಳಿದ್ದರು, ಬಾಯಿ ಬಿಡಬಾರದೆಂಬ ಷರತ್ತಿನ ಮೇಲೆ. ಅದೇ ಹೊತ್ತಿಗೆ ರುವೈಸಿನಿಂದ ಒಬ್ಬ ಹುಡುಗಿ ಅಬುಧಾಬಿಗೆ ಬರಬೇಕೆಂದು ಅರ್ಜಿ ಹಾಕಿದ್ದಳು. ಅವಳು ಬಂದರೆ ಮಾತ್ರ ಇಲ್ಲಿಂದ ಒಬ್ಬರನ್ನು ದಾಟಿಸಬಹುದಿತ್ತು. ಒಬ್ಬರನ್ನು ಮಾತ್ರ.

"ನಿನ್ನ ಹೆಸರು ಬರೆದೆ. ಮೊದಲ ವಾರವೇ ಅತ್ತುಕೊಂಡು ಹೇಳಿದ್ದಿ ಅಲ್ವಾ, ಒಂದು ವೀಸಾದಲ್ಲಿ ಇಬ್ರು ನೇತಾಡ್ತಿದ್ದೇವೆ ಅಂತ. ಅದು ಕಿವಿಯಲ್ಲೇ ಇತ್ತು. ಆ ಹುಡುಗಿಗೆ ಮದುವೆ ಆಗಿರ್ಲಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ ಅಂತ ಎಣಿಸಿದೆ. ಅವಳು ಮಾತಾಡುವವಳೇ ಅಲ್ಲ. ಗುಡ್ ಮಾರ್ನಿಂಗ್, ಗುಡ್ ನೈಟ್, ಅಷ್ಟೇ. ವಾರ್ಡು ಮುಚ್ಚಿದ ದಿನ ಸ್ಟೋರ್ ರೂಮಿನಲ್ಲಿ ಕೂತಿದ್ಳು. ಆಗ ಕೇಳಿದೆ. ಅಮ್ಮ ಹಾಸಿಗೆ ಹಿಡಿದಿದ್ದಾರೆ, ತಂಗಿಯರು ಓದ್ತಿದ್ದಾರೆ, ಒಬ್ಬಳದ್ದೇ ದುಡಿಮೆ. ಮೂರು ತಿಂಗ್ಳು ನನ್ನ ಪಕ್ಕದಲ್ಲೇ ಇದ್ಳು. ನಾನು ಕೇಳ್ಲೇ ಇಲ್ಲ."

"ಅದಕ್ಕೆ ನೀವೆಂತ ಮಾಡ್ತೀರಿ? ಅವಳೇ ಬರ್ತೇನೆ ಹೇಳಿದ್ದಲ್ವಾ?"

"ವಾರ್ಡಿನ ಮೊಣಕಾಲು ಮುರಿದಿದೆ ಅಂತ ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರ್ಲಿಲ್ಲ. ಬರ್ಬೇಡ ಅಂತ ಒಂದು ಮಾತು ಹೇಳಿದ್ರೆ ಅವಳು ಬರ್ತಿರ್ಲಿಲ್ಲ. ಅವಳು ಬಾರದಿದ್ರೆ ನೀನು ಹೋಗ್ತಿರ್ಲಿಲ್ಲ." ಫೋನಿನಲ್ಲಿ ಕಿಟಕಿ ಬಡಿಯುವ ಸದ್ದು ಕೇಳಿತು, ಅಡ್ಡ ಕೊಟ್ಟಿದ್ದ ಪಕ್ಕನ್ನು ಕೈಗೆತ್ತಿಕೊಂಡಿರಬೇಕು. "ನಿನಗೆ ಬಾಯಿ ಉಂಟು, ನೀನು ಉಳಿದಿ. ಅವಳಿಗೆ ಇಲ್ಲ, ಅವಳು ಹೋದ್ಳು. ಫೇಲ್ ಅಂದ್ರೆ ಅದೇ. ನಿನ್ನನ್ನು ಕಳಿಸಿದ್ದಕ್ಕೆ ನನಗೆ ಬೇಜಾರಿಲ್ಲ, ಅದನ್ನೂ ಹೇಳ್ತೇನೆ. ಎರಡೂ ಇರ್ಲಿ."

ಆ ಹುಡುಗಿಯನ್ನು ಹುಡುಕಲು ನಾನು ಆಮೇಲೆ ಬಹಳ ಪ್ರಯತ್ನಪಟ್ಟೆ. ರುವೈಸಿನಲ್ಲಿ ಅವಳ ಹಳೆಯ ನಂಬರಿತ್ತು, ಉಪಯೋಗದಲ್ಲಿರಲಿಲ್ಲ. ಅವಳ ಬಗ್ಗೆ ಯಾರನ್ನು ಕೇಳಿದರೂ ಒಂದೇ ಮಾತು, ಒಳ್ಳೆಯ ಹುಡುಗಿ, ಮಾತು ಕಡಿಮೆ. ಅವಳ ಜಾಗದಲ್ಲಿ ಕೂತು, ಅವಳು ಬಿಟ್ಟುಹೋದ ಲಾಕರಿನಲ್ಲಿ ಬ್ಯಾಗು ಇಟ್ಟು ನಾನು ದುಡಿದಿದ್ದೆ. ಬಾಯಮ್ಮ ಅದನ್ನು ಹೇಳಿದ ದಿನದಿಂದ ಒಂದು ತಳಮಳ ನನ್ನನ್ನು ಬಿಟ್ಟೇ ಇಲ್ಲ. ಅವರು ಅವಳಿಗೆ ಹೇಳಬೇಕಿತ್ತು ಎನ್ನಲು ನನಗೆ ಬಾಯಿಲ್ಲ, ಹೇಳದೆ ಇದ್ದದ್ದು ಸರಿ ಎನ್ನಲು ಮನಸ್ಸಿಲ್ಲ...

ಎರಡು ವರ್ಷದ ಹಿಂದೆ ಬಾಯಮ್ಮ ತೀರಿಕೊಂಡರು. ಹಳೆಯ ವಾರ್ಡಿನವರ ವಾಟ್ಸ್ಆಪ್ ಗುಂಪಿನಲ್ಲಿ ಫೋಟೋ ಬಂತು, ಕೆಳಗೆ ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದ್ದರು. ನಾನು ಡ್ಯೂಟಿಯಲ್ಲಿದ್ದೆ. ಔಷಧಿ ಇಡುವ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಆ ಕ್ರಿಸ್ಮಸ್ಸಿನಲ್ಲಿ ಅಭ್ಯಾಸಬಲದಿಂದ ಅವರ ನಂಬರು ಒತ್ತಿ, ರಿಂಗಾಗುವ ಮೊದಲು ಕಟ್ ಮಾಡಿದೆ.

ಇದೆಲ್ಲ ಶನಿವಾರ ಆ ರಿಂಕಿನ ರಬ್ಬರು ಹಾಸಿನ ಮೇಲೆ ಆಚೆಯಿಂದ ಈಚೆಗೆ ನಡೆಯುತ್ತಾ ನೆನಪಾಯಿತು. ಗಾಜಿನ ಆಚೆ, ಫೇಲಾದ ಟ್ರೇಡಿನಿಂದ ನನಗೆ ದಕ್ಕಿದ ಮಗಳು ಬಿದ್ದು ಎದ್ದು ಪಕ್ಕಿನ ಹಿಂದೆ ಓಡುತ್ತಿದ್ದಳು. ನನ್ನ ಬೆರಳು ಯಾಕೆ ನಿಂತಿತ್ತೆಂದು ಆಗ ಹೊಳೆಯಿತು. ನನ್ನ ವಾರ್ಡಿನಲ್ಲಿ ಹಾವೇರಿ ಕಡೆಯ ಒಬ್ಬ ಹುಡುಗಿ ಇದ್ದಾಳೆ. ಹೇಳಿದ ಕೆಲಸ ಮಾಡುತ್ತಾಳೆ, ಎದುರಾಡುವುದಿಲ್ಲ, ರಜೆ ಕೇಳುವುದಿಲ್ಲ. ಮೆಸೇಜು ಓದಿದ ಕೂಡಲೇ ಮನಸ್ಸಿಗೆ ಬಂದದ್ದು ಅವಳ ಹೆಸರು. ಉಳಿದವರೆಲ್ಲ ನನ್ನ ಹಾಗೆ ಬಾಯಿಬಡುಕರು. ಅವರ ಗಂಡಂದಿರ ಷಿಫ್ಟು, ಮಕ್ಕಳ ಸ್ಕೂಲು, ಅತ್ತೆಯ ಮಂಡಿನೋವು ಎಲ್ಲ ನನಗೆ ಕಂಠಪಾಠ. ಇವಳ ಬಗ್ಗೆ ನನಗೆ ಗೊತ್ತಿದ್ದದ್ದು ಏನೂ ಇಲ್ಲ. ಏನೂ ಗೊತ್ತಿಲ್ಲದ್ದಕ್ಕೇ ಹೆಸರು ಸಲೀಸಾಗಿ ಬಂದಿತ್ತು.

ಅಲ್ಲೇ ನಿಂತು ಅವಳಿಗೆ ಫೋನು ಮಾಡಿದೆ. "ಮೇಡಂ, ನನ್ ಕಡಿಂದ ಏನರ ತಪ್ಪಾತೇನ್ರಿ?" ಎಂದು ಗಾಬರಿಯಲ್ಲಿ ಕೇಳಿದಳು. ಇಲ್ಲ ಎಂದೆ. ರುವೈಸಿನ ವಿಷಯ ಎಲ್ಲ ಹೇಳಿದೆ. ಯಾಕೆ ಕೇಳಿದ್ದಾರೆ, ಅಲ್ಲಿ ಕೆಲಸ ಹೇಗೆ, ಬದಲಿಗೆ ಯಾರು ಬರುತ್ತಾರೆ, ನನಗೆ ತಿಳಿದದ್ದರಲ್ಲಿ ಒಂದನ್ನೂ ಬಚ್ಚಿಡಲಿಲ್ಲ. "ಹೋಗು ಅಂತ ಹೇಳ್ಲಿಕ್ಕೆ ಫೋನು ಮಾಡಿದ್ದಲ್ಲ. ನಿನಗೆ ಇಲ್ಲಿ ಯಾರ್ಯಾರಿದ್ದಾರೆ, ಹೋದ್ರೆ ಎಂತ ಕಷ್ಟ, ಅದನ್ನು ಹೇಳು" ಎಂದೆ.

"ನೀವು ಹೆಂಗ ಹೇಳ್ತೀರಿ ಹಂಗ್ರಿ ಮೇಡಂ" ಎಂದಳು.

ಬೇರೆ ದಿನವಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸರಿ ಹಾಗಾದರೆ ಎಂದು ನಾನೇ ಮಾತು ಮುಗಿಸುತ್ತಿದ್ದೆ. ಆ ದಿನ ಫೋನು ಕಿವಿಗೊತ್ತಿ ಸುಮ್ಮನೆ ನಿಂತೆ. ನನ್ನಂಥವಳಿಗೆ ಅದು ಸುಲಭದ ಕೆಲಸವಲ್ಲ, ನಾಲಗೆ ಹಲ್ಲಿಗೆ ತಾಗಿ ತಾಗಿ ಬರುತ್ತಿತ್ತು. ಐಸಿನ ಮೇಲೆ ಯಾರೋ ಹೊಡೆದ ಪಕ್ ಹಲಗೆಗೆ ಬಡಿದು ಟಕ್ಕೆಂದಿತು. ಅವಳು ಫೋನಿನಲ್ಲೇ ಇದ್ದಳು, ಉಸಿರು ಕೇಳುತ್ತಿತ್ತು.

"ನಮ್ಮ ತಮ್ಮ ಅದಾನ್ರಿ ಇಲ್ಲೇ" ಎಂದಳು ಕೊನೆಗೆ. "ಗ್ಯಾರೇಜ್‌ನ್ಯಾಗ ಕೆಲ್ಸಾ ಮಾಡ್ತಾನ. ಅವಗ ಫಿಟ್ಸ್ ಬರ್ತಾವ್ರಿ. ಕಂಪನಿಯವರಿಗೆ ಗೊತ್ತಾದ್ರ ಊರಿಗೆ ಕಳಸ್ತಾರ ಅಂತ ಯಾರಿಗೂ ಹೇಳಿಲ್ರಿ. ಗುಳಿಗಿ ನಾನ ಕೊಡ್ತೇನಿ, ನಾನ ನೋಡ್ಕೋತೇನಿ. ನಾ ಹೋದ್ರ..."

ಅವಳ ಹೆಸರನ್ನು ನಾನು ಕಳಿಸಲಿಲ್ಲ. ಭಾನುವಾರ ಉಳಿದವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಎಲ್ಲ ಹೇಳಿ, ಎಲ್ಲ ಕೇಳಿ, ಬೈಸಿಕೊಂಡು, ಕೊನೆಗೆ ಒಪ್ಪಿದ ಒಬ್ಬಳ ಹೆಸರು ಕಳಿಸಿದೆ. ಅವಳು ಒಪ್ಪಿದ್ದು ಖುಷಿಯಿಂದಲ್ಲ. ಆರ್ಡರು ಬಂದ ಬುಧವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ರುವೈಸಿನಿಂದ ಬರುವವಳಿಗೂ ಫೋನು ಮಾಡಿ, ಇಲ್ಲಿಯ ವಾರ್ಡಿನ ಬಗ್ಗೆ ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ನನಗೆ ತಿಳಿಯದ್ದು ಎಷ್ಟಿದೆಯೋ ಯಾರಿಗೆ ಗೊತ್ತು. ನಾನು ಮಾಡಿದ್ದು ಪಾಸೋ ಫೇಲೋ ಎಂದು ಕೇಳಲು ಕಿನ್ನಿಗೋಳಿಯಲ್ಲಿ ಈಗ ಯಾರೂ ಇಲ್ಲ. ಇದ್ದಿದ್ದರೂ ಅವರು ಇಷ್ಟು ಬೇಗ ಹೇಳುತ್ತಿರಲಿಲ್ಲ.

ನಾಳೆ ಆ ಒಪ್ಪಿದವಳು ರುವೈಸಿಗೆ ಹೊರಡುತ್ತಾಳೆ. ಮಾತು ಬಿಟ್ಟವಳ ಮನೆ ಬಾಗಿಲಿಗೆ ಹೋಗುವುದೋ ಬೇಡವೋ ಎಂದು ಬೆಳಗಿನಿಂದ ತೊಳಲಾಡಿದೆ. ಹೋಗುತ್ತೇನೆ. ಕಾರಿನ ಹಿಂದಿನ ಸೀಟು ಮಡಚಿ ಜಾಗ ಮಾಡಿ ಇಟ್ಟಿದ್ದೇನೆ, ಅವಳ ಮನೆಯಲ್ಲೂ ಗಿಡವೋ ಮೀನೋ ಏನಾದರೂ ಇದ್ದರೆ.